ಬಿಳಿಮಿಂಚಿನ ಭಾನುವಾರಗಳು

ಪಾಚುಕಾ, 1974

ಫೆಬ್ರವರಿ 10, ಭಾನುವಾರ

ಇವತ್ತೂ ಸೋತೆ. ಹತ್ತೊಂಬತ್ತು ವರ್ಷದಿಂದ ಭಾನುವಾರ ಬಂದರೆ ಸೋಲುತ್ತಲೇ ಇದ್ದೇನೆ, ಆದರೆ ಇವತ್ತಿನದು ಒಳ್ಳೆಯ ಸೋಲು. ಮೂರನೆಯ ಸುತ್ತಿನಲ್ಲಿ ಅವನು ಹಗ್ಗದ ಮೇಲಿಂದ ಹಾರಿ ನನ್ನ ಎದೆಯ ಮೇಲೆ ಬಿದ್ದಾಗ, ಅರೆನಾದ ತಗಡಿನ ಸೂರು ಹಾರಿಹೋಗುವ ಹಾಗೆ ಜನ ಕೂಗಿದರು. ಅದಕ್ಕೆ ಮೊದಲು ನಾನು ಮಾಡಬೇಕಾದ ಅನ್ಯಾಯವನ್ನೆಲ್ಲ ಮಾಡಿ ಮುಗಿಸಿದ್ದೆ. ಕಣ್ಣಿಗೆ ಸುಣ್ಣದ ಪುಡಿ ಎರಚಿದ್ದೆ, ತೀರ್ಪುಗಾರ ಅತ್ತ ತಿರುಗಿದಾಗ ಕಿವಿ ಕಚ್ಚಿದ್ದೆ. ಕೊನೆಗೆ ಹಿಂದಿನಿಂದ ಹೋಗಿ ಅವನ ಮುಖವಾಡದ ಲಾಡಿಗೆ ಕೈ ಹಾಕಿದ್ದೆ. ಮುಖವಾಡ ಹೋದರೆ ಅವನ ಆಟ ಅಲ್ಲಿಗೆ ಮುಗಿದಂತೆ, ಅದಕ್ಕೇ ಲಾಡಿಗೆ ಕೈ ಹಾಕಿದರೆ ಸಾಕು, ಹೆಂಗಸರು ಕುರ್ಚಿಯ ಮೇಲೆ ನಿಂತುಬಿಡುತ್ತಾರೆ.

"ಏ ಗೂಬೆ! ಥೂ ನಿನ್ನ ಮುಖಕ್ಕೆ!"

"ಮುಖ ಇದ್ರೆ ತಾನೇ ಉಗಿಯೋದು!"

ಮುಖವಾಡ ತೊಟ್ಟು ಕುಸ್ತಿಯ ಅಖಾಡಕ್ಕೆ ಇಳಿದರೆ ನಾನು ಕರಿಗೂಬೆ, ಅವನು ಬಿಳಿಮಿಂಚು. ಅವನ ಚಿತ್ರಕಥೆಯ ಪುಸ್ತಕ ಪ್ರತಿ ಶುಕ್ರವಾರ ಬರುತ್ತದೆ. ಅದರಲ್ಲಿ ಅವನು ಹಾರುತ್ತಾನೆ, ಕುಸಿಯುವ ಗಣಿಯನ್ನು ಭುಜ ಕೊಟ್ಟು ಎತ್ತಿ ಹಿಡಿಯುತ್ತಾನೆ. ಕೊನೆಯ ಪುಟದಲ್ಲಿ ನಾನು ಯಾವುದಾದರೂ ಹಾಳುಬಾವಿಗೆ ಬೀಳುತ್ತೇನೆ.

ನನ್ನ ಕತ್ತು ಅವನ ಕಂಕುಳಲ್ಲಿ ಸಿಕ್ಕಿದ್ದಾಗ ಎಂದಿನಂತೆ ಗೆಳೆಯ ಎಂದು, ಕಂಪಾದ್ರೆ ಎಂದು ಕರೆದು ಪಿಸುಗುಟ್ಟಿದ. "ಎಡ ಮಂಡಿ ಹುಷಾರು ಕಂಪಾದ್ರೆ, ಇವತ್ತು ಜೋರಾಗಿ ಬೀಳಿಸ್ತೀನಿ."

"ಬೀಳ್ಸು ಬೀಳ್ಸು. ಜನ ಇವತ್ತು ಚೆನ್ನಾಗಿದ್ದಾರೆ."

ನಮ್ಮಿಬ್ಬರ ಮಾತೆಂದರೆ ಇಷ್ಟೇ, ಪಟ್ಟಿನಲ್ಲಿದ್ದಾಗ ಮಾತ್ರ. ಅವನ ಕೋಣೆ ಬೇರೆ, ಬಾಗಿಲು ಬೇರೆ, ಬಸ್ಸು ಬೇರೆ. ವೈರಿಗಳು ಹೊರಗೆ ಕೂಡಬಾರದು, ಇದು ನಮ್ಮ ಕಸುಬಿನ ಕಟ್ಟಳೆ. ಅವನ ಮುಖ ನಾನು ನೋಡಿಲ್ಲ, ಹೆಸರೂ ಗೊತ್ತಿಲ್ಲ. ಸಂತೆಯಲ್ಲಿ ಎದುರು ಸಿಕ್ಕರೂ ಪಕ್ಕಕ್ಕೆ ಸರಿದು ಹೋಗಿಬಿಡುತ್ತೇನೆ.

ಹೆಂಡತಿ ಹೊವಿತಾ ಬೆನ್ನಿಗೆ ಮದ್ದು ತಿಕ್ಕುತ್ತ, "ನಲವತ್ತೊಂಬತ್ತಾಯ್ತು ಮುದುಕ, ಸಾಕು ಮಾಡು" ಎಂದಳು. ಇವಳಿಗೇನು ಗೊತ್ತು. ಆರುನೂರು ಜನ ಒಟ್ಟಿಗೆ ಬೈದರೆ ಮೈಯಲ್ಲಿ ಹೇಗೆ ರಕ್ತ ಓಡುತ್ತದೆ ಎಂಬುದನ್ನು ಯಾರಿಗೆ ಹೇಳಲಿ.

ಫೆಬ್ರವರಿ 11, ಸೋಮವಾರ

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ದೊನ್ಯಾ ನಿಕೊಲಾಸಾ ಬಾಗಿಲಲ್ಲಿ. ಊರೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುವ ಮುದುಕಿ, ಎಪ್ಪತ್ತು ದಾಟಿದೆ. ಅರೆನಾದಲ್ಲಿ ಮೊದಲ ಸಾಲು ಅವಳದು. ನನ್ನ ತೊಡೆಗೆ ಟೋಪಿಯ ಪಿನ್ನು ಚುಚ್ಚುವುದು ಅವಳ ವಾರದ ವ್ರತ. ಈ ಬೂಟು ರಿಪೇರಿಯ ಫಿದೆನ್ಸಿಯೊನೇ ಕರಿಗೂಬೆ ಎಂದು ಪಾಪ ಅವಳಿಗೆ ತಿಳಿಯದು.

"ನಿನ್ನೆ ಆ ಗೂಬೆಗೆ ಸರಿಯಾಗಿ ಚುಚ್ಚಿದೆ ಕಣೋ ಫಿದೆನ್ಸಿಯೊ! ಚಿಟ್ಟಂತ ಚೀರ್ದ!"

"ಒಳ್ಳೇದು ಮಾಡಿದ್ರಿ ದೊನ್ಯಾ. ಅವನಿಗೆ ಅದೇ ಆಗ್ಬೇಕು."

"ಅವನಿಗೆ ಒದೆಯೋಕ್ಕೆ ಹೋಗಿ ಬೂಟಿನ ಹಿಮ್ಮಡಿ ಕಿತ್ಕೊಂಡು ಬಂತು ನೋಡು."

ಹಿಮ್ಮಡಿ ಹೊಡೆದು, ಒಳಗೆ ಮೆತ್ತನೆಯ ಕುರಿದೊಗಲು ಹಾಕಿಕೊಟ್ಟೆ. ಅವಳ ಪಾದದ ಗೆಣ್ಣುಗಳು ಊದಿವೆ. ಮುಂದಿನ ವಾರ ಅವಳಿರುವ ಕಡೆ ಹೆಚ್ಚು ಹೋಗಬಾರದು, ಎದ್ದು ನಿಲ್ಲಲು ಅವಳಿಗೆ ಕಷ್ಟವಾಗುತ್ತದೆ. ಆದರೆ ಹೋಗದಿದ್ದರೂ ಬೇಜಾರು ಮಾಡಿಕೊಳ್ಳುತ್ತಾಳೆ.

ಫೆಬ್ರವರಿ 17, ಭಾನುವಾರ

ಅವನು ಬರಲಿಲ್ಲ.

ಅರೆನಾ ನಡೆಸುವ ದೊನ್ ಕ್ರಿಸ್ಪಿನ್ ಮೈಕಿನಲ್ಲಿ ಬಿಳಿಮಿಂಚಿಗೆ ಜ್ವರ ಎಂದ. ಜನ ಗೊಣಗಿದರು. ನಾನು ಯಾರೋ ಹೊಸಬನ ಜೊತೆ ಎರಡು ಸುತ್ತು ಹೊರಳಾಡಿ ಬಂದೆ. ಹತ್ತೊಂಬತ್ತು ವರ್ಷದಲ್ಲಿ ಅವನು ತಪ್ಪಿಸಿದ್ದು ಇದೇ ಮೊದಲು.

ಫೆಬ್ರವರಿ 20, ಬುಧವಾರ

ದೊನ್ ಕ್ರಿಸ್ಪಿನ್ ತಾನೇ ಅಂಗಡಿಗೆ ಬಂದ. ಅರೆನಾದ ಮಾಲೀಕ ಇಷ್ಟು ವರ್ಷದಲ್ಲಿ ನನ್ನ ಹೊಸ್ತಿಲು ತುಳಿದವನಲ್ಲ. ಸ್ಟೂಲಿನ ಮೇಲೆ ಕೂತ, ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಹೋಗ್ಬಿಟ್ಟ ಕಣಯ್ಯ. ಹೋದ ಗುರುವಾರ. ಎದೆ ಹಿಡ್ಕೊಂಡ್ನಂತೆ, ಅಷ್ಟೇ. ಹೆಂಡತಿ ಶುಕ್ರವಾರವೇ ಮಣ್ಣು ಮಾಡಿಸಿದ್ಲು."

ನನ್ನ ಕೈಯಲ್ಲಿದ್ದ ಉಳಿ ಕೆಳಗಿಟ್ಟೆ. "ಎಲ್ಲಿ?"

"ಅದು ನಿನಗ್ಯಾಕೆ? ಯಾರಿಗೂ ಗೊತ್ತಾಗ್ಬಾರ್ದು. ಅವನ ಮೈಕಟ್ಟಿನವನು ಒಬ್ಬ ಸಿಗೋವರೆಗೆ ಜ್ವರ ಅಂತ್ಲೇ ಇರ್ಲಿ. ಆಮೇಲೆ ಮುಖವಾಡ ಹೊಲಿಸಿ ಇಳಿಸೋಣ."

"ಅವನ ಮುಖವಾಡ ಹಾಕಿದ ಬೇರೆಯವನ ಜೊತೆ ನಾನು ಆಡಲ್ಲ."

"ಆಡ್ಬೇಡ ಹಾಗಾದ್ರೆ, ಬೂಟು ಹೊಲಿ. ಗೂಬೆಗೂ ಇನ್ನೊಬ್ಬ ಸಿಕ್ತಾನೆ."

ಅವನು ಹೋದ ಮೇಲೆ ಕೆಲಸ ಸಾಗಲಿಲ್ಲ. ಒಂದೇ ಜೊತೆ ಬೂಟಿಗೆ ಎರಡು ಸಲ ಮೊಳೆ ಹೊಡೆದೆ. ಮುಖ ನೋಡದವನಿಗಾಗಿ ಅಳುವುದು ಹೇಗೆ? ಯಾವ ಮುಖ ನೆನೆಸಿಕೊಂಡು ಅಳಬೇಕು? ನೆನಪಿಗೆ ಬರುವುದು ಬಿಳಿ ಬಟ್ಟೆ, ಎರಡು ತೂತು.

ಫೆಬ್ರವರಿ 24, ಭಾನುವಾರ

ಇವತ್ತಿನದು ಬರೆಯಬಾರದು ಅಂದುಕೊಂಡಿದ್ದೆ.

ಹೊಸಬನ ಕಣ್ಣಿಗೆ ಸುಣ್ಣ ಎರಚಿದೆ. ಯಾರೂ ಕೂಗಲಿಲ್ಲ. ಲಾಡಿಗೆ ಕೈ ಹಾಕಿದೆ, ಯಾರೋ ಆಕಳಿಸಿದರು. ಮಧ್ಯದಲ್ಲಿ ಕಾಲು ಜಾರಿ ಬಿದ್ದೆ, ಆಗ ಮೂರನೆಯ ಸಾಲಿನಿಂದ ಒಬ್ಬಳು, "ಅಯ್ಯೋ ಪಾಪ, ವಯಸ್ಸಾಗಿದೆ" ಅಂದಳು. ದೊನ್ಯಾ ನಿಕೊಲಾಸಾಳ ಮುಂದೆ ಹೋಗಿ ತೊಡೆ ತಟ್ಟಿ ನಿಂತೆ. ಅವಳು ಪಿನ್ನು ಕೈಗೆತ್ತಿಕೊಳ್ಳಲಿಲ್ಲ. ಪಾಸ್ತೆ ಎಂಬ ಕಡುಬು ತಿನ್ನುತ್ತ, ಅದರೊಳಗಿನ ಆಲೂಗಡ್ಡೆಯಲ್ಲಿ ಕಲ್ಲಿದೆಯೇನೋ ಎನ್ನುವಂತೆ ನಿಧಾನವಾಗಿ ಅಗಿಯುತ್ತ, ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತಿದ್ದಳು.

ಬೈಗುಳವಿಲ್ಲದ ಅರೆನಾದಲ್ಲಿ ಗಾಳಿಯ ಸದ್ದು ಕೇಳಿಸುತ್ತದೆ. ಗುಡ್ಡದಿಂದ ಇಳಿದು ಬರುವ ಗಾಳಿ, ತಗಡನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಅವನಿಲ್ಲದೆ ನಾನು ಯಾರು? ಕೆಟ್ಟವನೂ ಅಲ್ಲ.

ಮಾರ್ಚ್ 3, ಭಾನುವಾರ

ಬಂದ!

ಸಂಜೆ ಐದು. ದೊನ್ ಕ್ರಿಸ್ಪಿನ್ ನನ್ನ ಹೆಸರು ಕೂಗಿದ, ನಾನು ಹೋಗಿ ನನ್ನ ಮೂಲೆಯಲ್ಲಿ ನಿಂತೆ. ಹೊಸಬ ಬರಬೇಕಿತ್ತು. ಎದುರು ಬಾಗಿಲು ತೆರೆಯಿತು, ಗಾಳಿಯ ಜೊತೆ ಬೂದು ಧೂಳು ಒಳಗೆ ನುಗ್ಗಿತು, ಧೂಳಿನ ನಡುವಿನಿಂದ ಬಿಳಿಮಿಂಚು ನಡೆದು ಬಂದ. ಆಗ ಎದ್ದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಕ್ರಿಸ್ಪಿನ್ ಯಾರನ್ನೋ ಹುಡುಕಿದ್ದಾನೆ ಅಂದುಕೊಂಡೆ. ಈ ನಕಲಿಯ ಮೂಳೆ ಮುರಿಯಬೇಕು ಎಂದೇ ಮೇಲೆ ಬಿದ್ದೆ. ಅವನು ನನ್ನ ತೋಳು ಹಿಡಿದು ತಿರುವಿದ, ಕತ್ತನ್ನು ಕಂಕುಳಿಗೆ ಎಳೆದುಕೊಂಡ. ಅದೇ ಪಟ್ಟು. ಹೆಬ್ಬೆರಳನ್ನು ದವಡೆಯ ಕೆಳಗೆ ನೋಯದ ಹಾಗೆ ಮಡಚಿಡುವ ಅದೇ ರೀತಿ. ಆದರೆ ತಣ್ಣಗಿದ್ದ, ಗಣಿಯ ಗೋಡೆಯ ಹಾಗೆ. ಎದೆ ಏರಿಳಿಯುತ್ತಿರಲಿಲ್ಲ.

"ಎಡ ಮಂಡಿ ಹುಷಾರು ಕಂಪಾದ್ರೆ."

ಆ ಮಾತು ಇಡೀ ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು.

ಸೋತೆ. ಜನ ಕಿತ್ತಲೆ ಸಿಪ್ಪೆ ಎಸೆದರು, ಉಗಿದರು. ದೊನ್ಯಾ ನಿಕೊಲಾಸಾ ತೊಡೆಗೆ ಎರಡು ಸಲ ಚುಚ್ಚಿದಳು. ಮನೆಗೆ ಬರುವ ದಾರಿಯಲ್ಲಿ ನಾನು ಶಿಳ್ಳೆ ಹಾಕುತ್ತಿದ್ದೆನಂತೆ, ಹೊವಿತಾ ಹೇಳಿದಳು.

ಮಾರ್ಚ್ 4, ಸೋಮವಾರ

ಅರೆನಾಕ್ಕೆ ಹೋಗಿ ಕೇಳಿದೆ. "ದೊನ್ ಕ್ರಿಸ್ಪಿನ್, ಎಲ್ಲಿ ಸಿಕ್ಕಿದ ಅವನು?"

ಅವನ ಬಾಯಲ್ಲಿದ್ದ ಚುಟ್ಟಾ ಅಲ್ಲೇ ನಿಂತಿತು. "ನಾನು ಕೇಳ್ಬೇಕು ಅಂತಿದ್ದೆ. ನೀನೇ ಕರ್ಕೊಂಡು ಬಂದೆ ಅಂದ್ಕೊಂಡೆ."

ಇಬ್ಬರೂ ಅಖಾಡ ಹತ್ತಿ ನೋಡಿದೆವು. ಹಾಸಿನ ಮೇಲೆ ಒಂದು ಸಾಲು ಹೆಜ್ಜೆ, ಒಣಗಿದ ಬೂದು ಮಣ್ಣಿನದು. ಅಂಥ ಮಣ್ಣು ಇರುವುದು ಮೇಲೆ, ಗುಡ್ಡದ ಸ್ಮಶಾನದಲ್ಲಿ.

"ಮುಂದಿನ ಭಾನುವಾರಕ್ಕೆ ಕುರ್ಚಿ ಎಲ್ಲಾ ಮಾರಿಹೋಗಿವೆ" ಎಂದ ಕ್ರಿಸ್ಪಿನ್. ಆಮೇಲೆ ಪೊರಕೆ ತಂದು ತಾನೇ ಗುಡಿಸಿದ.

ಮಾರ್ಚ್ 10, ಭಾನುವಾರ

ಬಂದ. ಜಾಗ ಸಾಲದೆ ಜನ ಕಿಟಕಿಯಲ್ಲಿ ಜೋತಾಡಿದರು. ಇಷ್ಟು ಚೆನ್ನಾಗಿ ನಾನು ಎಂದೂ ಆಡಿಲ್ಲ. ಕುರ್ಚಿಯಿಂದ ಹೊಡೆದೆ, ಹಗ್ಗಕ್ಕೆ ಕತ್ತು ಸಿಕ್ಕಿಸಿದೆ. ಅವನಿಗೆ ನೋಯುವುದಿಲ್ಲ ಎಂದು ಗೊತ್ತಾದ ಮೇಲೆ ಕೈ ತಡೆಯುವುದೇಕೆ?

ಕೊನೆಯ ಪಟ್ಟಿನಲ್ಲಿ, "ಚಳಿ ಕಂಪಾದ್ರೆ" ಅಂದ.

ಗಾಳಿ ಅಂಥದ್ದು, ಎಲ್ಲರಿಗೂ ಚಳಿ.

ಮಾರ್ಚ್ 13, ಬುಧವಾರ

ಹೊವಿತಾ ನನ್ನ ತೋಳು ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳಿನ ಗುರುತುಗಳು, ನೀಲಿ. ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಹತ್ತು ದಿನದಿಂದ ನಿನ್ನ ಮೈ ಮಂಜಿನ ಥರ ತಣ್ಣಗಿದೆ. ಹಾಸಿಗೇಲಿ ನಿನ್ನ ಪಕ್ಕ ಮಲಗೋಕ್ಕೆ ಆಗ್ತಿಲ್ಲ ನಂಗೆ. ಯಾರು ಅವನು?"

"ಬಿಳಿಮಿಂಚು."

"ಬಿಳಿಮಿಂಚು ಸತ್ತ ಅಂತ ನೀನೇ ಹೇಳಿದೆ."

"ಸತ್ರೇನಾಯ್ತು, ಕೆಲಸಕ್ಕೆ ಸರಿಯಾಗಿ ಬರ್ತಾನಲ್ಲ."

ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಶಿಲುಬೆ ಗುರುತು ಮಾಡಿಕೊಂಡು ಒಲೆಯ ಹತ್ತಿರ ಹೋದಳು. ತಮಾಷೆಯೂ ತಿಳಿಯದಷ್ಟು ಮುದಿಯಾದಳೇ ಇವಳು?

ದೊನ್ಯಾ ನಿಕೊಲಾಸಾ ಮತ್ತೆ ಬೂಟು ತಂದಿದ್ದಳು. ಬಿಡುವಾದಾಗ ನೋಡುತ್ತೇನೆ ಅಂದೆ.

ಮಾರ್ಚ್ 17, ಭಾನುವಾರ

ಬಂದ. ಗೆದ್ದ. ಹೊರಡುವ ಮುಂಚೆ ಅಖಾಡದ ನಡುವೆ ಸುಮ್ಮನೆ ನಿಂತು ನನ್ನ ಕಡೆ ತಿರುಗಿದ. ತೂತುಗಳ ಒಳಗೆ ಕಣ್ಣು ಕಾಣಿಸಲಿಲ್ಲ. "ಎಷ್ಟು ದಿನ ಕಂಪಾದ್ರೆ?" ಅಂದ.

ನನ್ನ ಗಮನ ಕೆಡಿಸಲು ಹಾಗೆ ಹೇಳುತ್ತಾನೆ. ಹಳೆಯ ಹುಲಿ ಅವನು.

ಮಾರ್ಚ್ 19, ಮಂಗಳವಾರ

ದೊನ್ಯಾ ನಿಕೊಲಾಸಾ ಮನೆಯ ಚಪ್ಪಲಿಯಲ್ಲೇ ಕಾಲೆಳೆದುಕೊಂಡು ಬಂದಳು. ಬೂಟು ಆಗಿರಲಿಲ್ಲ. ಹಾಗೇ ವಾಪಸು ಕೇಳಿದಳು.

"ಇನ್ನು ಅರೆನಾಕ್ಕೆ ಹೋಗಲ್ಲ ಕಣೋ. ಮೊನ್ನೆ ಬಿಳಿಮಿಂಚು ನನ್ನ ಮುಂದೆ ಹಾದು ಹೋದ. ಹೂತಿಟ್ಟ ಹೆಣದ ವಾಸನೆ ಬಂತು. ಗೂಬೆ ಹೊಡೀತಾನೆ, ಹೊಡೀತಾನೆ, ಇವನು ನಿಂತೇ ಇದ್ದ. ಹೊಡೀಬೇಡ್ವೋ ಅಂತ ಕೂಗ್ದೆ. ನನ್ನ ಆಯಸ್ಸಿನಲ್ಲಿ ಮೊದಲನೇ ಸಲ ನಿಜವಾಗ್ಲೂ ಕೂಗಿದ್ದು. ಆ ಗೂಬೆ ತಿರುಗಿ ನೋಡ್ದ ಫಿದೆನ್ಸಿಯೊ. ನಗ್ತಿದ್ದ."

ಮುಖವಾಡ ಹಾಕಿದವನು ನಗುತ್ತಿದ್ದುದು ಇವಳಿಗೆ ಹೇಗೆ ಕಂಡಿತು? ಒಬ್ಬ ಮುದುಕಿ ಬರದಿದ್ದರೆ ಆ ಕುರ್ಚಿಗೆ ಹತ್ತು ಜನ ಕಾದಿದ್ದಾರೆ.

ಮಾರ್ಚ್ 21, ಗುರುವಾರ

ಕಪ್ಪು ಶಾಲು ಹೊದ್ದ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಕೈಯಲ್ಲಿ ಬೂಟಿರಲಿಲ್ಲ.

"ನಾನು ಒತಿಲಿಯಾ. ನೀವು ಭಾನುವಾರ ಯಾರ ಜೊತೆ ಸೆಣಸಾಡ್ತೀರೋ ಅವರ ಹೆಂಡತಿ."

ನಾನು ಬಾಗಿಲು ಮುಚ್ಚಿದೆ. "ನಾನು ಯಾರು ಅಂತ ನಿಮಗೆ ಹೇಗೆ ಗೊತ್ತು?"

"ಅವರಿಗೆ ಗೊತ್ತಿತ್ತು. ಹದಿನೈದು ವರ್ಷದಿಂದ. ಈ ರಸ್ತೇಲಿ ಬಂದ್ರೆ ಆಚೆ ಬದಿಗೆ ದಾಟಿಬಿಡೋರು. ಯಾಕ್ರೀ ಅಂದ್ರೆ, ಅವನ ಮುಖ ನೋಡ್ಬಾರ್ದು, ಮೋಸ ಆಗತ್ತೆ ಅನ್ನೋರು." ಅವಳು ಸ್ಟೂಲಿನ ಮೇಲೆ ಕೂತಳು. "ಎಲಿಸೆಯೊಗೆ..."

"ಹೆಸರು ಬೇಡ ದೊನ್ಯಾ."

ಹೇಳಿಬಿಟ್ಟಿದ್ದಳು. ಬರೆಯಬಾರದಿತ್ತು, ಬರೆದುಬಿಟ್ಟೆ.

"ಮುಖವಾಡ ಹಾಕಿಯೇ ಹೂಳ್ಬೇಕು ಅಂತ ಅವರ ಮಾತು. ನಾನು ಮುಚ್ಚಳ ಹಾಕೋ ಮುಂಚೆ ಒಂದ್ಸಲ ಮುಖ ನೋಡೋಣ ಅಂತ ಲಾಡಿ ಬಿಚ್ಚೋಕ್ಕೆ ಹೋದೆ. ಗಂಟು ಅಲ್ಲಾಡ್ಲಿಲ್ಲ. ಕತ್ತರಿ ಹಾಕಿದೆ, ಕತ್ತರೀನೇ ಮುರೀತು. ಈಗ ಪ್ರತಿ ಸೋಮವಾರ ಹೋಗಿ ನೋಡ್ತೀನಿ, ಸಮಾಧಿ ಮಣ್ಣು ಕೆದರಿರತ್ತೆ. ಕೈಯಲ್ಲಿ ಸರಿಮಾಡಿ ಬರ್ತೀನಿ." ಅವಳ ಉಗುರುಗಳಲ್ಲಿ ಬೂದು ಮಣ್ಣಿತ್ತು. "ನೀವಿಬ್ಬರೂ ಏನಾದ್ರೂ ಮಾತು ಕೊಟ್ಕೊಂಡಿದ್ರಾ?"

ಕೊಟ್ಟುಕೊಂಡಿದ್ದೆವು. ಅರವತ್ತೊಂದರಲ್ಲಿ, ರಿಯಾಲ್ ದೆಲ್ ಮೊಂತೆ ಊರಿನ ಮಂಜಿನಲ್ಲಿ, ಬಯಲು ಅಖಾಡದಲ್ಲಿ. ಇಬ್ಬರ ಮುಖವಾಡವೂ ಅರ್ಧ ಹರಿದಿತ್ತು, ಮಂಜಿನಲ್ಲಿ ಮುಖ ಮಾತ್ರ ಕಾಣಲಿಲ್ಲ. ನನ್ನನ್ನು ತಬ್ಬಿ ಹಿಡಿದು ಅವನಂದ, "ಇದು ಕಳಚೋದಾದ್ರೆ ನಿನ್ನ ಕೈಯಿಂದ್ಲೇ ಕಂಪಾದ್ರೆ, ಬೇರೆ ಯಾರಿಗೂ ಕೊಡಲ್ಲ." ನಾನು, "ನಂದೂ ಅಷ್ಟೇ" ಅಂದೆ.

ಹೇಳಿದೆ. ಅವಳು ಶಾಲು ಸರಿಮಾಡಿಕೊಂಡು ಎದ್ದಳು.

"ಹಾಗಾದ್ರೆ ನಿಮ್ಮೊಬ್ಬರ ಕೈಯಲ್ಲೇ ಇದೆ. ಅವರಿಗೆ ಸುಸ್ತಾಗಿದೆ. ಬದುಕಿದ್ದಾಗ ಭಾನುವಾರ ಎಲ್ಲಾ ನಿಮಗೇ ಕೊಟ್ರು, ನಾನು ಒಂದು ದಿನ ಗೊಣಗಲಿಲ್ಲ. ಒಂದು ಗಂಟು ಬಿಚ್ಚಿ. ಅಷ್ಟೇ ಕೇಳೋದು."

"ಬಿಚ್ತೀನಿ ದೊನ್ಯಾ. ಈ ಭಾನುವಾರವೇ."

ಅವಳು ನನ್ನ ಕೈಗೆ ಮುತ್ತಿಟ್ಟು ಹೋದಳು.

ಮಾರ್ಚ್ 24, ಭಾನುವಾರ

ಇವತ್ತು ಆಗಲಿಲ್ಲ. ಜನ ತುಂಬಾ ಇದ್ದರು. ಆಕ್ಟೋಪಾನಿನಿಂದ ಎರಡು ಬಸ್ಸು ಬಂದಿದ್ದವು, ಅಷ್ಟು ದೂರದಿಂದ ಬಂದವರಿಗೆ ಮೊದಲ ಸುತ್ತಿನಲ್ಲೇ ಮುಗಿಸಿದರೆ ಏನು ಚೆನ್ನ? ಆಮೇಲೆ ಕೈ ಬೆವರಿತ್ತು. ಲಾಡಿಯ ತುದಿ ಸಿಗಲಿಲ್ಲ. ಸಿಕ್ಕಿತ್ತು, ಜಾರಿತು.

ದೊನ್ಯಾ ಒತಿಲಿಯಾ ಮೂರನೆಯ ಸಾಲಿನಲ್ಲಿದ್ದಳು. ಆ ಕಡೆ ನೋಡಲಿಲ್ಲ.

ಮುಂದಿನ ವಾರ ಖಂಡಿತ.

ಮಾರ್ಚ್ 27, ಬುಧವಾರ

ಹೊವಿತಾ ತುಲಾನ್ಸಿಂಗೊಗೆ ತಂಗಿಯ ಮನೆಗೆ ಹೊರಟಳು. ಗಂಟುಮೂಟೆ ಬಾಗಿಲಲ್ಲಿಟ್ಟು ಕೇಳಿದಳು.

"ಆ ವಿಧವೆ ನನ್ನ ಹತ್ರಾನೂ ಬಂದಿದ್ಲು. ಯಾಕೆ ಬಿಚ್ಲಿಲ್ಲ ನೀನು?"

"ಕೈ ಜಾರ್ತು."

"ಮೂವತ್ತು ವರ್ಷ ದಾರ ಹಿಡಿದ ಕೈ ಅದು ಫಿದೆನ್ಸಿಯೊ."

"ಬಿಚ್ಚಿದ ಮೇಲೆ? ಆಮೇಲೆ ಭಾನುವಾರ ನಾನೇನು ಮಾಡ್ಲಿ, ಹೇಳು?"

"ನನ್ನ ಜೊತೆ ಊಟ ಮಾಡು."

ಎಂಥ ಉತ್ತರ! ನಾನು ನಕ್ಕುಬಿಟ್ಟೆ. ಅವಳು ನನ್ನ ಮುಖವನ್ನು, ಯಾರದೋ ಮುಖ ನೋಡುವ ಹಾಗೆ ನೋಡಿದಳು. "ಮನೇಲೂ ಹಾಕ್ಕೊಂಡೇ ಇದೀಯಾ ಅದನ್ನ?" ಎಂದು ಕೇಳಿದಳು. ಮುಟ್ಟಿ ನೋಡಿಕೊಂಡೆ. ಹೌದು, ಮುಖವಾಡ ಹಾಕಿಕೊಂಡಿದ್ದೆ. ಮೈಗೆ ಒಗ್ಗಲಿ ಅಂತ ಬೆಳಿಗ್ಗೆ ಹಾಕಿದ್ದಿರಬೇಕು.

ಮನೆ ಈಗ ನಿಶ್ಶಬ್ದ. ಒಳ್ಳೆಯದೇ ಆಯಿತು.

ಮಾರ್ಚ್ 31, ಭಾನುವಾರ

ಇವತ್ತು ಅವನು ಸೆಣಸಲಿಲ್ಲ. ನಾಲ್ಕು ಪೆಟ್ಟು ತಿಂದು ಅಖಾಡದ ನಡುವೆ ಮಂಡಿಯೂರಿ, ನನಗೆ ಬೆನ್ನು ಮಾಡಿ ಕೂತುಬಿಟ್ಟ. ತಲೆ ಮುಂದಕ್ಕೆ ಬಾಗಿಸಿದ. ಲಾಡಿ ನನ್ನ ಕಣ್ಣ ಮುಂದಿತ್ತು. ಬೂದು ಮಣ್ಣು ಮೆತ್ತಿದ ಬಿಳಿ ಲಾಡಿ, ಒಂದೇ ಒಂದು ಗಂಟು.

ಇಡೀ ಅರೆನಾ ಎದ್ದು ನಿಂತಿತು. "ಬೇಡ! ಬೇಡ್ವೋ ಗೂಬೆ!" ಹೆಂಗಸರು ಅಳುತ್ತಿದ್ದರು. ಗಂಡಸೊಬ್ಬ ಬೂಟು ಎಸೆದ. ಮೂರನೆಯ ಸಾಲಿನಲ್ಲಿ ದೊನ್ಯಾ ಒತಿಲಿಯಾ ಒಬ್ಬಳೇ ಎರಡು ಕೈ ಜೋಡಿಸಿ, ಬಿಚ್ಚು, ಬಿಚ್ಚು ಎಂದು ತುಟಿಯಾಡಿಸುತ್ತಿದ್ದಳು.

ನಾನು ಅವನ ಹಿಂದೆ ಮಂಡಿಯೂರಿದೆ. ಗಂಟಿಗೆ ಬೆರಳು ತಾಗಿಸಿದೆ. ಸಡಿಲವಾಗಿತ್ತು, ನನಗಾಗಿಯೇ ಸಡಿಲವಾದ ಹಾಗಿತ್ತು. ಉಫ್ ಎಂದರೆ ಕಳಚುತ್ತಿತ್ತು.

"ಬಿಚ್ಚು ಕಂಪಾದ್ರೆ" ಎಂದ. ದನಿ ನೆಲದೊಳಗಿನಿಂದ ಬಂದಂತೆ ಬಂತು. "ಸಾಕಾಯ್ತು. ಮನೆಗೆ ಕಳ್ಸು ನನ್ನ."

ಸುತ್ತಲೂ ನನ್ನ ಹೆಸರು. ಇಷ್ಟು ದ್ವೇಷವನ್ನು ಯಾವ ಮನುಷ್ಯನೂ ಕೇಳಿರಲಾರ. ಸೂರು, ಗೋಡೆ, ನನ್ನ ಎಲುಬು, ಎಲ್ಲ ಅದರಲ್ಲೇ ನಡುಗುತ್ತಿತ್ತು.

ಬೆಳಿಗ್ಗೆ ಹೊರಡುವಾಗ ಮಣಿಕಟ್ಟಿನ ಪಟ್ಟಿಯೊಳಗೆ ಮೇಣ ತಿಕ್ಕಿದ ದಾರ ಒಂದು ಮಾರು ಇಟ್ಟುಕೊಂಡಿದ್ದೆ, ಬೂಟಿನ ಅಟ್ಟೆ ಹೊಲಿಯುವಂಥದ್ದು. ಯಾಕೆ ಇಟ್ಟುಕೊಂಡೆನೋ ನೆನಪಿಲ್ಲ. ಅದನ್ನು ಹೊರಗೆಳೆದು ಲಾಡಿಯ ಮೇಲೆ ಸುತ್ತಿದೆ. ಮೂರು ಸುತ್ತು. ಅಟ್ಟೆಗೆ ಹಾಕುವ ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದೆ. ಅದು ನೆನೆದರೆ ಇನ್ನಷ್ಟು ಬಿಗಿಯುತ್ತದೆ, ಚರ್ಮ ಹರಿದರೂ ಬಿಚ್ಚಿಕೊಳ್ಳುವುದಿಲ್ಲ.

ಅವನ ಭುಜಗಳು ಒಮ್ಮೆ ಕುಸಿದವು. ಆಮೇಲೆ ಎದ್ದು, ನನ್ನನ್ನು ಮೇಲೆತ್ತಿ ನೆಲಕ್ಕೆ ಅಪ್ಪಳಿಸಿ, ಎದೆಯ ಮೇಲೆ ಕೂತ. ತೀರ್ಪುಗಾರ ಮೂರು ಎಣಿಸಿದ. ಜನ ಕುಣಿದರು. ಅವರಿಗೆ ಕಂಡದ್ದು ಇಷ್ಟೇ: ಗೂಬೆ ಮುಖವಾಡ ಕೀಳಲು ಹೋದ, ಆಗಲಿಲ್ಲ, ಬಿಳಿಮಿಂಚು ಗೆದ್ದ. ಮೂರನೆಯ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು.

ಅವನು ಬಾಗಿಲ ಕಡೆ ನಡೆದ, ನಿಧಾನವಾಗಿ, ಒಂದು ಕೈಯಿಂದ ಹಿಂದಲೆಯನ್ನು ತಡವಿಕೊಳ್ಳುತ್ತ.

ನಾನು ಮನೆಗೆ ಬಂದು ಒಲೆ ಹಚ್ಚಿ, ಹುರುಳಿ ಬಿಸಿ ಮಾಡಿಕೊಂಡು, ಆರು ರೊಟ್ಟಿ ತಿಂದೆ. ಇಷ್ಟು ಹಸಿವಾಗಿ ಎಷ್ಟೋ ದಿನವಾಗಿತ್ತು.